ಯೂರಿನ್ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಉರಿ ಮಾತ್ರ ಹೋಗಿಲ್ಲ. ಮುಂದೆ ಯಾವ ಟೆಸ್ಟ್?

ನೀಲಿಕೊಡೆ:

ನಮಸ್ಕಾರ. ಇದನ್ನು ಪರಿಚಯದವರ ಹತ್ತಿರ ಕೇಳೋಕೆ ಬಾಯಿ ಬರುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ 26 ವರ್ಷ, ಮದುವೆ ಆಗಿಲ್ಲ.

ಸುಮಾರು ಮೂರು ವಾರದ ಹಿಂದೆ ಗೆಳೆಯನ ಜೊತೆ ಕಾಂಡೋಮ್ ಇಲ್ಲದೆ ಸೆಕ್ಸ್ ಆಯಿತು. ಮಾರನೇ ದಿನವೇ ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡೆ. ಒಂದು ವಾರ ಕಳೆದ ಮೇಲೆ ಒಳಉಡುಪಿನಲ್ಲಿ ಸ್ವಲ್ಪ ರಕ್ತದ ಕಲೆ ಕಾಣಿಸಿತು. ಮಾತ್ರೆಯ ಪರಿಣಾಮ ಇರಬೇಕು ಅಂತ ಸುಮ್ಮನಾದೆ. ಆಮೇಲೆ ಮೂತ್ರ ಮಾಡುವಾಗ ಉರಿ ಶುರುವಾಯಿತು. ತಡೆಯಲಾಗದ ಉರಿ ಅಲ್ಲ, ಕೊನೆಯಲ್ಲಿ ಚುರುಚುರು ಅನ್ನುತ್ತದೆ. ಬಿಳಿ ಸ್ರಾವ ಯಾವಾಗಲೂ ಇರುವುದಕ್ಕಿಂತ ಜಾಸ್ತಿ, ಒಣಗಿದ ಮೇಲೆ ತಿಳಿ ಹಳದಿ ಬಣ್ಣ. ತುರಿಕೆ ಇಲ್ಲ, ಕೆಟ್ಟ ವಾಸನೆಯೂ ಇಲ್ಲ. ಹೊರಗಡೆ ಕೂದಲು ಇರುವ ಜಾಗದಲ್ಲಿ ಒಂದು ಚಿಕ್ಕ ಗುಳ್ಳೆ ಇದೆ, ಮುಟ್ಟಿದರೆ ನೋವು.

ಲ್ಯಾಬಿಗೆ ಹೋಗಿ ಯೂರಿನ್ ಟೆಸ್ಟ್ ಮಾಡಿ ಅಂತಷ್ಟೇ ಹೇಳಿದೆ. ರಿಪೋರ್ಟಿನಲ್ಲಿ ಪಸ್ ಸೆಲ್ಸ್ 15–20 ಅಂತ ಇದೆ. ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಅಂತ ಬರೆದಿದ್ದಾರೆ. ಅಂದರೆ ಸೋಂಕು ಇಲ್ಲ ಅಂತಲೇ? ಹಾಗಾದರೆ ಉರಿ ಯಾಕೆ?

ಅವನನ್ನೂ ಕೇಳಿದೆ. 'ನನಗೆ ಏನೂ ಆಗಿಲ್ಲ. ಮೊನ್ನೆ ತಾನೇ ರಕ್ತದಾನ ಮಾಡಿದ್ದೇನೆ, ಅಲ್ಲಿ ಎಲ್ಲಾ ಟೆಸ್ಟ್ ಮಾಡುತ್ತಾರೆ, ಏನಾದರೂ ಇದ್ದಿದ್ದರೆ ಫೋನ್ ಬರುತ್ತಿತ್ತು' ಅಂದ. ಅವನು ಸುಳ್ಳು ಹೇಳುವವನಲ್ಲ. ಅದಕ್ಕೇ ನನಗೆ ಇನ್ನೂ ಗೊಂದಲ.

ರಾತ್ರಿ ಮಲಗಿ ಫೋನಿನಲ್ಲಿ ಒಂದೊಂದೇ ರೋಗದ ಫೋಟೋ ನೋಡುತ್ತೇನೆ. ಎಲ್ಲವೂ ನನಗೇ ಇದ್ದ ಹಾಗೆ ಅನ್ನಿಸುತ್ತದೆ. ನಿನ್ನೆಯಿಂದ ಗಂಟಲು ಕೆರೆಯುತ್ತಿದೆ. ಎಚ್‌ಐವಿ ಬಂದರೂ ಗಂಟಲು ನೋಯುತ್ತದೆ ಅಂತ ಓದಿದ ಮೇಲೆ ಊಟವೇ ಸೇರುತ್ತಿಲ್ಲ. ಯಾವ ಟೆಸ್ಟ್, ಯಾವಾಗ, ಯಾರ ಹತ್ತಿರ ಹೋಗಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಗಾಜಿನಪಟ್ಟಿ:

ನೀಲಿಕೊಡೆ ಅವರೇ, ನಾನು ಲ್ಯಾಬಿನಲ್ಲಿ ಸ್ಯಾಂಪಲ್ ಪರೀಕ್ಷೆ ಮಾಡುವ ಟೆಕ್ನೀಷಿಯನ್. ಡಾಕ್ಟರ್ ಅಲ್ಲ. ಆದರೆ ನಿಮ್ಮ ಕೈಯಲ್ಲಿರುವ ರಿಪೋರ್ಟ್ ಏನು ಹೇಳುತ್ತಿದೆ, ಏನು ಹೇಳುತ್ತಿಲ್ಲ ಅನ್ನುವುದನ್ನು ಖಂಡಿತ ಹೇಳಬಲ್ಲೆ. ಇಂಥ ರಿಪೋರ್ಟ್ ಹಿಡಿದುಕೊಂಡು 'ಸದ್ಯ, ಏನೂ ಇಲ್ಲ' ಅಂತ ಮನೆಗೆ ಹೋಗುವ ಹೆಣ್ಣುಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಲ್ಚರ್ ಅಂದರೆ ಮೂತ್ರವನ್ನು ಒಂದು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು, ಬ್ಯಾಕ್ಟೀರಿಯಾಕ್ಕೆ ಆಹಾರ ಇರುವ ತಟ್ಟೆಯ ಮೇಲೆ ಗೆರೆ ಎಳೆದು, ಮೈಬಿಸಿಯಷ್ಟು ಶಾಖದಲ್ಲಿ ಒಂದೆರಡು ದಿನ ಇಡುವುದು. ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲಿ ಬ್ಯಾಕ್ಟೀರಿಯಾ ಇದ್ದರೆ ಬೆಳಗಾಗುವುದರಲ್ಲಿ ಗೆರೆಯ ಉದ್ದಕ್ಕೂ ಚುಕ್ಕಿ ಚುಕ್ಕಿ ಎದ್ದಿರುತ್ತದೆ. ಕ್ಲಮೀಡಿಯಾ ಹಾಗಲ್ಲ. ಅದು ಸೆಕ್ಸ್ ಮೂಲಕ ಹರಡುವ, ನಮ್ಮ ಜೀವಕೋಶದ ಒಳಗೆ ಸೇರಿಕೊಂಡರೆ ಮಾತ್ರ ಬೆಳೆಯುವ ಬ್ಯಾಕ್ಟೀರಿಯಾ. ಈ ತಟ್ಟೆಯ ಮೇಲೆ ಎಷ್ಟು ದಿನ ಇಟ್ಟರೂ ಬರುವುದಿಲ್ಲ. ಹಾಗೇ ಹರಡುವ ಗೊನೊರಿಯಾಗೂ ಬೇರೆ ತಟ್ಟೆ ಬೇಕು, ಬಿಸಿ ಮಾಡಿದ ರಕ್ತ ಸೇರಿಸಿದ್ದು. ಕಂದು ಬಣ್ಣ ಇರುವುದರಿಂದ ಅದನ್ನು ಚಾಕಲೇಟ್ ಅಗರ್ ಅಂತೀವಿ. ಮಾಮೂಲಿ ಯೂರಿನ್ ಕಲ್ಚರ್‌ಗೆ ಅದನ್ನು ಬಳಸುವುದಿಲ್ಲ. ಅಂದರೆ ನಿಮ್ಮ ಲ್ಯಾಬ್ ತಪ್ಪು ರಿಪೋರ್ಟ್ ಕೊಟ್ಟಿಲ್ಲ. ಈ ಎರಡನ್ನು ಅಲ್ಲಿ ಯಾರೂ ಹುಡುಕಿಯೇ ಇಲ್ಲ, ಅಷ್ಟೇ.

ಇನ್ನು ಪಸ್ ಸೆಲ್ಸ್. ಅವು ಸೋಂಕಿನ ಜೊತೆ ಹೋರಾಡಲು ಬರುವ ಬಿಳಿ ರಕ್ತಕಣಗಳು. 15–20 ಅನ್ನುವುದು ಜಾಸ್ತಿಯೇ. ಕಣ ಇದೆ, ತಟ್ಟೆಯಲ್ಲಿ ಬೆಳವಣಿಗೆ ಇಲ್ಲ, ಜೊತೆಗೆ ಉರಿ ಇದೆ. ಈ ಮೂರೂ ಸೇರಿದರೆ ಕ್ಲಮೀಡಿಯಾ ಟೆಸ್ಟ್ ಮಾಡಲೇಬೇಕು. ಬೇರೆ ಕಾರಣವೂ ಇರಬಹುದು. ಸ್ಯಾಂಪಲ್ ಹಿಡಿಯುವಾಗ ಬಿಳಿ ಸ್ರಾವ ಬೆರೆತರೂ ಪಸ್ ಸೆಲ್ಸ್ ಜಾಸ್ತಿ ತೋರಿಸುತ್ತದೆ. ಹಾಗಾಗಿ ರಿಪೋರ್ಟ್ ನೋಡಿ ರೋಗದ ಹೆಸರು ಇಟ್ಟುಕೊಳ್ಳಬೇಡಿ. ಆದರೆ ಬಿಟ್ಟೂ ಬಿಡಬೇಡಿ.

ನಿಮಗೆ ಬೇಕಾದದ್ದು ಪಿಸಿಆರ್ ತರಹದ ಟೆಸ್ಟ್. ಚೀಟಿಯಲ್ಲಿ ಎನ್‌ಎಎಟಿ ಅಂತ ಬರೆಯುತ್ತಾರೆ. ಬ್ಯಾಕ್ಟೀರಿಯಾವನ್ನು ಬೆಳೆಸುವ ಗೊಡವೆಯೇ ಇಲ್ಲ, ಅದರ ಜೀನ್ ಇದೆಯಾ ಅಂತ ನೇರವಾಗಿ ಹುಡುಕುತ್ತದೆ. ಕ್ಲಮೀಡಿಯಾ, ಗೊನೊರಿಯಾ, ಟ್ರೈಕೊಮೊನಾಸ್ (ಇದೂ ಸೆಕ್ಸ್ ಮೂಲಕ ಹರಡುವ ಸೋಂಕು) ಮೂರನ್ನೂ ಒಂದೇ ಸ್ಯಾಂಪಲ್‌ನಲ್ಲಿ ನೋಡಬಹುದು. ಸೆಕ್ಸ್ ಆದ ಎರಡು ವಾರದ ಮೇಲೆ ಮಾಡಿದರೆ ಕ್ಲಮೀಡಿಯಾ, ಗೊನೊರಿಯಾ ಫಲಿತಾಂಶವನ್ನು ನಂಬಬಹುದು. ನಿಮಗೆ ಮೂರು ವಾರ ಆಗುತ್ತಾ ಬಂದಿದೆ, ಕಾಯುವ ಅಗತ್ಯ ಇಲ್ಲ.

ಇಲ್ಲಿ ಸ್ಯಾಂಪಲ್ ವಿಷಯ ತುಂಬಾ ಮುಖ್ಯ. ಕಲ್ಚರ್‌ಗೆ 'ಮೊದಲಿನದ್ದು ಬಿಟ್ಟು ನಡುವಿನ ಮೂತ್ರ ಹಿಡಿಯಿರಿ' ಅಂತ ಹೇಳಿರುತ್ತಾರೆ ಅಲ್ವಾ? ಈ ಟೆಸ್ಟಿಗೆ ಅದು ತಿರುಗಾಮುರುಗಾ. ಕನಿಷ್ಠ ಒಂದು ಗಂಟೆ ಮೂತ್ರ ಕಟ್ಟಿಕೊಂಡಿದ್ದು, ತೊಳೆದುಕೊಳ್ಳದೆ, ಮೊಟ್ಟಮೊದಲು ಬರುವ 20–30 ಎಂಎಲ್ ಮಾತ್ರ ಹಿಡಿಯಬೇಕು. ನಾವು ಹುಡುಕುವುದು ಮೂತ್ರನಾಳದ ಗೋಡೆಯಿಂದ ಕೊಚ್ಚಿಕೊಂಡು ಬರುವುದನ್ನು. ಡಬ್ಬಿ ತುಂಬಿಸಿದರೆ ನೀರು ನೀರಾಗಿ ಸಿಗಬೇಕಾದದ್ದು ಸಿಗದೆ ಹೋಗಬಹುದು. ಗಂಡಸರಿಗೆ ಇದೇ ಸ್ಯಾಂಪಲ್ ಸಾಕು. ಹೆಂಗಸರಿಗೆ ಯೋನಿಯ ಸ್ವಾಬ್ ಇನ್ನೂ ಒಳ್ಳೆಯದು, ಮೂತ್ರದಲ್ಲಿ ತಪ್ಪಿಸಿಕೊಂಡ ಕೇಸು ಸ್ವಾಬ್‌ನಲ್ಲಿ ಸಿಗುತ್ತದೆ.

ಸ್ವಾಬ್ ಅಂದರೆ ಹೆದರಬೇಡಿ. ಉದ್ದ ಕಡ್ಡಿಯ ತುದಿಯಲ್ಲಿ ಮೆತ್ತನೆಯ ನಾರು. ಎಷ್ಟೋ ಕಡೆ ಅದನ್ನು ಕೈಗೆ ಕೊಟ್ಟು ಬಾತ್‌ರೂಮಿಗೆ ಕಳಿಸುತ್ತಾರೆ. ಎರಡು ಇಂಚಿನಷ್ಟು ಒಳಗೆ ಹಾಕಿ, ಗೋಡೆಗೆ ತಾಗುವ ಹಾಗೆ ನಿಧಾನವಾಗಿ 10ರಿಂದ 30 ಸೆಕೆಂಡು ತಿರುಗಿಸಿ, ಟ್ಯೂಬಿನೊಳಗೆ ಇಟ್ಟು, ಕಡ್ಡಿಯ ಮೇಲೆ ಗೆರೆ ಇರುವ ಕಡೆ ಮುರಿದು ಮುಚ್ಚಳ ಹಾಕಬೇಕು. ತುದಿಯನ್ನು ಬೆರಳಿಗೆ ತಾಗಿಸಬೇಡಿ, ಟ್ಯೂಬಿನಲ್ಲಿರುವ ದ್ರವ ಚೆಲ್ಲಬೇಡಿ. ನೀವೇ ತೆಗೆದ ಸ್ವಾಬ್ ಡಾಕ್ಟರ್ ತೆಗೆದದ್ದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಗೆಳೆಯನ ಮಾತಿಗೆ ಬರೋಣ. ಅವರು ಸುಳ್ಳು ಹೇಳಿಲ್ಲ, ಒಪ್ಪಿದೆ. ರಕ್ತದಾನದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಇವನ್ನು ನೋಡುತ್ತಾರೆ. ಕ್ಲಮೀಡಿಯಾ, ಗೊನೊರಿಯಾ ನೋಡುವುದಿಲ್ಲ. ಅವು ರಕ್ತದ ಟೆಸ್ಟಿನಲ್ಲಿ ಹುಡುಕುವ ಸೋಂಕುಗಳೇ ಅಲ್ಲ. 'ನನಗೆ ಏನೂ ಆಗಿಲ್ಲ' ಅನ್ನುವುದಕ್ಕೂ ಬೆಲೆ ಕೊಡಬೇಡಿ. ಕ್ಲಮೀಡಿಯಾ ಬಂದ ಬಹುತೇಕರಿಗೆ, ಗಂಡಸಾಗಲಿ ಹೆಂಗಸಾಗಲಿ, ಏನೂ ಗೊತ್ತೇ ಆಗುವುದಿಲ್ಲ.

ಗುಳ್ಳೆಯನ್ನು ಇಲ್ಲಿಂದ ನೋಡಲು ಆಗುವುದಿಲ್ಲ. ಒಂಟಿ ಗುಳ್ಳೆ, ಕೂದಲಿನ ಬುಡದಲ್ಲಿ, ಮುಟ್ಟಿದರೆ ನೋವು ಅಂದರೆ ಕೂದಲ ಬುಡ ಕೀವು ತುಂಬಿದ್ದೂ ಇರಬಹುದು. ಹರ್ಪಿಸ್ ಸಾಮಾನ್ಯವಾಗಿ ಸಣ್ಣ ಸಣ್ಣ ನೀರುಗುಳ್ಳೆಗಳ ಗುಂಪಾಗಿ ಬಂದು, ಒಡೆದು, ಉರಿಯುವ ಹುಣ್ಣಾಗುತ್ತದೆ. ಸಿಫಿಲಿಸ್‌ನ ಹುಣ್ಣು ಹೆಚ್ಚಾಗಿ ನೋಯುವುದೇ ಇಲ್ಲ. ಮೂರರಿಂದ ಆರು ವಾರದಲ್ಲಿ ತಾನಾಗೇ ಮಾಯುತ್ತದೆ, ಅದೇ ಅದರ ಅಪಾಯ. ಹುಣ್ಣು ಮಾಯುತ್ತದೆ, ರೋಗ ಒಳಗೇ ಇರುತ್ತದೆ. ನಿಮ್ಮದನ್ನು ಹಿಸುಕಬೇಡಿ, ಮುಲಾಮು ಹಚ್ಚಬೇಡಿ. ಇದ್ದ ಹಾಗೇ ಡಾಕ್ಟರಿಗೆ ತೋರಿಸಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕೆಳಹೊಟ್ಟೆ ನೋವು, ಜ್ವರ, ವಾಂತಿ ಇವುಗಳಲ್ಲಿ ಯಾವುದು ಬಂದರೂ ರಿಪೋರ್ಟಿಗೆ ಕಾಯದೆ ಅವತ್ತೇ ಹೋಗಿ. ಸೋಂಕು ಗರ್ಭಕೋಶಕ್ಕೂ ಗರ್ಭನಾಳಕ್ಕೂ ಏರಿದರೆ ನಾಳದಲ್ಲಿ ಕಲೆ ಕಟ್ಟಿ ಮುಂದೆ ಮಕ್ಕಳಾಗುವುದಕ್ಕೇ ತೊಂದರೆ ಆಗಬಹುದು. ಹಾಗೇ ನಡುವೆ ಕಂಡ ರಕ್ತದ ಕಲೆ ಮಾತ್ರೆಯಿಂದ ಆಗಿರಬಹುದು, ಕ್ಲಮೀಡಿಯಾದಿಂದಲೂ ಆಗಿರಬಹುದು. ಡಾಕ್ಟರಿಗೆ ಅದನ್ನೂ ಹೇಳಿ. ಮಾತ್ರೆ ತೆಗೆದುಕೊಂಡಿದ್ದರೂ ಒಂದು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಬಿಡಿ. ಮೂರು ವಾರ ತುಂಬಿದ ಮೇಲೆ ಮಾಡಿದ್ದು ಸರಿಯಾದ ಉತ್ತರ ಕೊಡುತ್ತದೆ. ಔಷಧ ಆರಿಸುವಾಗಲೂ ಅದು ಬೇಕಾಗುತ್ತದೆ.

ಸ್ತ್ರೀರೋಗ ತಜ್ಞರ ಹತ್ತಿರ ಹೋಗಬಹುದು, ಚರ್ಮ ಮತ್ತು ಲೈಂಗಿಕ ರೋಗ ತಜ್ಞರ ಹತ್ತಿರವೂ ಹೋಗಬಹುದು. ಒಳಗೆ ಹೋದ ಕೂಡಲೇ ಏನು ಹೇಳಬೇಕು ಅಂತ ತೋಚದಿದ್ದರೆ ಇದನ್ನೇ ಓದಿ ಹೇಳಿ: 'ಮೂರು ವಾರದ ಹಿಂದೆ ಕಾಂಡೋಮ್ ಇಲ್ಲದೆ ಸೆಕ್ಸ್ ಆಗಿದೆ, ಈಗ ಮೂತ್ರದಲ್ಲಿ ಉರಿ, ಸ್ರಾವ ಜಾಸ್ತಿ, ಕಲ್ಚರ್ ನೆಗೆಟಿವ್.' ಅರ್ಧ ನಿಮಿಷದ ಮಾತು. ಅಷ್ಟು ಕೇಳಿದರೆ ಸರಿಯಾದ ಟೆಸ್ಟ್ ತಾನಾಗೇ ಬರೆಯುತ್ತಾರೆ.

ಹೊಸಚಪ್ಪಲಿ:

ಇಷ್ಟೆಲ್ಲ ಯಾಕೆ? ನನಗೂ ಒಮ್ಮೆ ಹೀಗೇ ಉರಿ ಬಂದಿತ್ತು. ಅಜಿಥ್ರೋಮೈಸಿನ್ ನುಂಗಿದೆ, ಎರಡು ದಿನಕ್ಕೆ ಕಮ್ಮಿ ಆಯಿತು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ. ಡಾಕ್ಟರ್ ಮುಂದೆ ನಾಚಿಕೊಳ್ಳುವ ತಾಪತ್ರಯ ಇರುವುದಿಲ್ಲ.

ಗಾಜಿನಪಟ್ಟಿ:

ಹೊಸಚಪ್ಪಲಿ, ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ ಅಂತ ಗೊತ್ತು. ಆದರೆ ದಯವಿಟ್ಟು ಈ ಸಲಹೆ ಬೇಡ. ಯಾವ ಸೋಂಕು ಅಂತ ಗೊತ್ತಿಲ್ಲದೆ ನುಂಗಿದರೆ ಉರಿ ತಗ್ಗುತ್ತದೆ, ಸೋಂಕು ಅರ್ಧಂಬರ್ಧ ಉಳಿಯಬಹುದು. ಆಮೇಲೆ ಸ್ಯಾಂಪಲ್ ಕೊಟ್ಟರೆ ನಮಗೂ ಸರಿಯಾಗಿ ಹಿಡಿಯಲು ಆಗುವುದಿಲ್ಲ. ಗೊನೊರಿಯಾ ಆಗಿದ್ದರೆ ಇನ್ನೂ ಕಷ್ಟ. ಅದು ಒಂದರ ಹಿಂದೆ ಒಂದು ಔಷಧಕ್ಕೆ ಬಗ್ಗದ ಹಾಗೆ ಆಗಿದೆ. ಹಿಂದೆ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಸಾಕಾಗುತ್ತಿತ್ತು, ಈಗ ಮುಖ್ಯ ಚಿಕಿತ್ಸೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಕ್ಲಮೀಡಿಯಾಗೂ ಈಗ ಮೊದಲ ಆಯ್ಕೆ ಡಾಕ್ಸಿಸೈಕ್ಲಿನ್, ಅಜಿಥ್ರೋಮೈಸಿನ್ ಅಲ್ಲ. ಬಸಿರಿದ್ದರೆ ಅಜಿಥ್ರೋಮೈಸಿನ್ ಕೊಡುತ್ತಾರೆ. ನಿಮಗೆ ಅವತ್ತು ಟೆಸ್ಟ್ ಆಗಿರಲಿಲ್ಲ ಅಂದರೆ ಈಗಲೂ ಒಮ್ಮೆ ಮಾಡಿಸಿ. ಲಕ್ಷಣ ಹೋಯಿತು ಅಂದರೆ ಸೋಂಕು ಹೋಯಿತು ಅಂತ ಅಲ್ಲ.

ಹಳೇಸೈಕಲ್:

ನಾನು ಆ ಕಡೆಯ ಮನುಷ್ಯ, ಅಂದರೆ ನಿಮ್ಮ ಗೆಳೆಯನ ಜಾಗದಲ್ಲಿ ಇದ್ದವನು. ಆಗ ಜೊತೆಗಿದ್ದ ಹುಡುಗಿ ಫೋನ್ ಮಾಡಿ 'ನನಗೆ ಕ್ಲಮೀಡಿಯಾ ಬಂದಿದೆ, ನೀನೂ ಟೆಸ್ಟ್ ಮಾಡಿಸು' ಅಂದಾಗ ಮೊದಲು ಸಿಟ್ಟು ಬಂತು. ನನಗೆ ಉರಿ ಇಲ್ಲ, ಕೀವು ಇಲ್ಲ, ಏನೂ ಇಲ್ಲ. ಟೆಸ್ಟ್ ಮಾಡಿಸಿದರೆ ಪಾಸಿಟಿವ್. ಯಾರಿಂದ ಯಾರಿಗೆ ಬಂತು ಅಂತ ಡಾಕ್ಟರನ್ನು ಕೇಳಿದೆ. 'ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತದೆ, ಯಾರಿಂದ ಬಂತು ಅಂತ ಈ ಟೆಸ್ಟ್ ಹೇಳುವುದಿಲ್ಲ' ಅಂದರು. ಆ ಮಾತು ನಮ್ಮಿಬ್ಬರ ನಡುವಿನ ಜಗಳ ತಪ್ಪಿಸಿತು.

ಅವಳು ಹೇಳಿದ ರೀತಿ ನನಗೆ ಇಷ್ಟ ಆಗಿತ್ತು. ದೂರಲಿಲ್ಲ, ಅಳಲಿಲ್ಲ. ಟೆಸ್ಟಿನ ಹೆಸರು ಹೇಳಿದಳು, ಎಲ್ಲಿ ಮಾಡುತ್ತಾರೆ ಅಂತ ಹೇಳಿದಳು. ನಿಮ್ಮ ಗೆಳೆಯನಿಗೂ ಹಾಗೇ ಹೇಳಿ ನೋಡಿ.

ಔಷಧದ ಬಗ್ಗೆ ಒಂದು ಕಿವಿಮಾತು. ಡಾಕ್ಸಿಸೈಕ್ಲಿನ್ ಕೊಟ್ಟರೆ ಲೋಟದ ತುಂಬ ನೀರು ಕುಡಿದು ನುಂಗಿ, ನುಂಗಿದ ತಕ್ಷಣ ಮಲಗಬೇಡಿ. ಗಂಟಲಿನಿಂದ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುವಷ್ಟು ಉರಿಸುತ್ತದೆ. ಬಿಸಿಲಿಗೂ ಚರ್ಮ ಬೇಗ ಸುಡುತ್ತದೆ.

ಸಂಜೆಗಾಳಿ:

ನಾನು ಎಚ್‌ಐವಿ ಪರೀಕ್ಷೆಗೆ ಬರುವವರ ಜೊತೆ ಮಾತನಾಡುವ ಆಪ್ತಸಮಾಲೋಚಕಿ. ಗಂಟಲು ಕೆರೆತದ ವಿಷಯ ಓದಿ ನಿಮ್ಮ ರಾತ್ರಿಗಳು ಹೇಗಿರಬಹುದು ಅಂತ ಊಹಿಸಬಲ್ಲೆ. ನನ್ನ ಎದುರು ಕೂತು ಇದೇ ಮಾತು ಹೇಳಿದವರು ಎಷ್ಟೋ ಜನ.

ಎಚ್‌ಐವಿ ಸೇರಿದ ಎರಡರಿಂದ ನಾಲ್ಕು ವಾರದಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಕತ್ತಿನ ಗ್ರಂಥಿ ಊತ ಬರುವುದು ನಿಜ. ಆದರೆ ಇವೇ ಲಕ್ಷಣಗಳು ಮಾಮೂಲಿ ಶೀತ ಜ್ವರಕ್ಕೂ ಬರುತ್ತವೆ. ಎಚ್‌ಐವಿ ಬಂದರೂ ಏನೂ ಅನ್ನಿಸದವರೂ ಇದ್ದಾರೆ. ಹಾಗಾಗಿ ಗಂಟಲು ನೋಡಿ ಹೌದು ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು. ನಿಮ್ಮ ಗೆಳೆಯ ರಕ್ತ ಕೊಟ್ಟಿದ್ದಾರೆ, ಕರೆ ಬಂದಿಲ್ಲ ಅನ್ನುವುದು ಸ್ವಲ್ಪ ಸಮಾಧಾನದ ಮಾತು. ಆದರೂ ಅದು ನಿಮ್ಮ ಟೆಸ್ಟ್ ಅಲ್ಲ.

ಸೆಕ್ಸ್ ಆದ 72 ಗಂಟೆಯೊಳಗೆ ಬಂದಿದ್ದರೆ ಪೆಪ್ ಅನ್ನುವ 28 ದಿನದ ತಡೆ ಔಷಧ ಕೊಡಬಹುದಿತ್ತು. ನಿಮಗೆ ಆ ಅವಧಿ ಮುಗಿದಿದೆ. ಓದುತ್ತಿರುವ ಬೇರೆ ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆದೆ. ಅದು ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಮೂರನೇ ದಿನದವರೆಗೆ ಕಾಯುವ ಮಾತಲ್ಲ.

ಈಗ ನಿಮಗೆ: ತೋಳಿನಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಎಚ್‌ಐವಿ ಟೆಸ್ಟ್ 18ರಿಂದ 45 ದಿನದೊಳಗೆ ಸೋಂಕನ್ನು ಹಿಡಿಯುತ್ತದೆ. 45 ದಿನ ಕಳೆದ ಮೇಲೆ ಅದು ನೆಗೆಟಿವ್ ಬಂದರೆ ನಂಬಬಹುದು. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಟೆಸ್ಟ್ ಆದರೆ 90 ದಿನದವರೆಗೆ ಕಾಯಬೇಕು. ಇವತ್ತೇ ಒಂದು ಮಾಡಿಸಿ, ಅದು ನಿಮ್ಮ ಹಿಂದಿನ ಸ್ಥಿತಿ ಹೇಳುತ್ತದೆ. ಈ ಘಟನೆಯ ಪೂರ್ತಿ ಉತ್ತರ 45 ದಿನದ ಮೇಲೆ. ಸಿಫಿಲಿಸ್ ಹುಣ್ಣು ಕಾಣಿಸಿಕೊಳ್ಳಲು 10ರಿಂದ 90 ದಿನ ಬೇಕಾಗಬಹುದು, ಅದಕ್ಕೂ ರಕ್ತ ಎರಡು ಸಲ ನೋಡುತ್ತಾರೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ ಅಂತ ಮನೆಯಲ್ಲಿ ಕೇಳಿ ನೋಡಿ. ಇಲ್ಲದಿದ್ದರೆ ಈಗಲೂ ಹಾಕಿಸಬಹುದು.

ಇನ್ನೊಂದು, ಫೋಟೋ ನೋಡುವುದು ನಿಲ್ಲಿಸಿ. ಅಲ್ಲಿ ಹಾಕುವುದು ತೀರಾ ಉಲ್ಬಣವಾದ ಕೇಸುಗಳನ್ನು. ನಿಮ್ಮ ಭಯಕ್ಕೆ ಉತ್ತರ ಅಲ್ಲಿಲ್ಲ. ಸ್ಯಾಂಪಲ್ ಕೊಟ್ಟು ಬಂದ ರಾತ್ರಿ ಬಹಳ ಜನ ಚೆನ್ನಾಗಿ ನಿದ್ದೆ ಮಾಡುತ್ತಾರೆ, ರಿಪೋರ್ಟ್ ಬರುವ ಮೊದಲೇ. ಒಬ್ಬರೇ ಹೋಗಲು ಕಷ್ಟ ಅನ್ನಿಸಿದರೆ ನಂಬಿಕೆಯ ಒಬ್ಬ ಗೆಳತಿಗೆ ಹೇಳಿ ಜೊತೆಗೆ ಕರೆದುಕೊಂಡು ಹೋಗಿ.

ನೀಲಿಕೊಡೆ:

ಎಲ್ಲರಿಗೂ ಏನು ಹೇಳಲಿ. ಗೆಳತಿಯನ್ನು ಕರೆದುಕೊಂಡು ಹೋದೆ. ಗಾಜಿನಪಟ್ಟಿ ಅವರು ಬರೆದುಕೊಟ್ಟ ಸಾಲನ್ನು ಫೋನಿನಲ್ಲಿ ಇಟ್ಟುಕೊಂಡಿದ್ದೆ, ನೋಡಿಕೊಂಡೇ ಓದಿದೆ. ಡಾಕ್ಟರ್ ತಲೆ ಎತ್ತಿ ನೋಡಿ 'ಸರಿಯಾಗಿ ಹೇಳಿದಿರಿ' ಅಂದರು. ಮದುವೆ ಆಗಿದೆಯಾ ಅಂತ ಕೇಳಲೇ ಇಲ್ಲ. ಒಳಗೆ ಪರೀಕ್ಷೆ ಮಾಡಿದರು, ಒತ್ತಿದಾಗ ನೋವಿಲ್ಲ, ಸೋಂಕು ಮೇಲೆ ಏರಿದ ಹಾಗೆ ಕಾಣುತ್ತಿಲ್ಲ ಅಂದರು. ಗುಳ್ಳೆ ಕೂದಲ ಬುಡದ್ದೇ ಅಂತೆ, ಈಗ ಒಣಗಿದೆ.

ಸ್ವಾಬ್ ರಿಪೋರ್ಟ್ ಬಂತು. ಕ್ಲಮೀಡಿಯಾ ಪಾಸಿಟಿವ್. ಗೊನೊರಿಯಾ, ಟ್ರೈಕೊಮೊನಾಸ್ ನೆಗೆಟಿವ್. ಪ್ರೆಗ್ನೆನ್ಸಿ ನೆಗೆಟಿವ್. ಎಚ್‌ಐವಿ, ಸಿಫಿಲಿಸ್ ಸದ್ಯಕ್ಕೆ ನೆಗೆಟಿವ್, ಮತ್ತೆ ಬರಲು ಹೇಳಿದ್ದಾರೆ. ಡಾಕ್ಸಿಸೈಕ್ಲಿನ್ 100 ಎಂಜಿ ದಿನಕ್ಕೆ ಎರಡು, ಏಳು ದಿನ. ರಿಪೋರ್ಟ್ ನೋಡಿ ಅತ್ತುಬಿಟ್ಟೆ, ನಿಜ. ಆದರೆ ಹೆಸರು ಗೊತ್ತಾದ ಮೇಲೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

ಗೆಳೆಯನಿಗೆ ಹಳೇಸೈಕಲ್ ಹೇಳಿದ ಹಾಗೇ ಹೇಳಿದೆ. ಮೊದಲು ಸುಮ್ಮನಿದ್ದ, ಆಮೇಲೆ 'ನಾನೂ ಹೋಗುತ್ತೇನೆ' ಅಂದ. ಈಗ ಎರಡು ಪ್ರಶ್ನೆ. ಅವನ ಟೆಸ್ಟ್ ನೆಗೆಟಿವ್ ಬಂದರೆ ಔಷಧ ಬೇಡವೇ? ನನ್ನ ಮಾತ್ರೆ ಮುಗಿದ ಮಾರನೇ ದಿನವೇ ಇನ್ನೊಂದು ಸ್ವಾಬ್ ಮಾಡಿಸಿ ಹೋಗಿದೆಯಾ ಅಂತ ನೋಡಬಹುದೇ?

ಗಾಜಿನಪಟ್ಟಿ:

ನೀವು ಹೋಗಿ ಬಂದದ್ದು ಓದಿ ತುಂಬಾ ಖುಷಿ ಆಯಿತು.

ಅವರು ಟೆಸ್ಟ್ ಮಾಡಿಸಲಿ, ಆದರೆ ಚಿಕಿತ್ಸೆ ಅದಕ್ಕಾಗಿ ಕಾಯಬೇಕಾಗಿಲ್ಲ. ಒಬ್ಬರಿಗೆ ಪಾಸಿಟಿವ್ ಬಂದರೆ ಹಿಂದಿನ 60 ದಿನದಲ್ಲಿ ಸೇರಿದ ಸಂಗಾತಿಗೂ ಔಷಧ ಕೊಡುವುದು ವಾಡಿಕೆ. ನಿಮ್ಮ ರಿಪೋರ್ಟಿನ ಫೋಟೋ ಅವರ ಫೋನಿಗೆ ಕಳಿಸಿ, ಅವರ ಡಾಕ್ಟರಿಗೆ ತೋರಿಸಿದರೆ ಸಾಕು. ಇಬ್ಬರ ಏಳು ದಿನದ ಕೋರ್ಸೂ ಪೂರ್ತಿ ಮುಗಿಯುವವರೆಗೆ ಸೆಕ್ಸ್ ಬೇಡ, ಕಾಂಡೋಮ್ ಇದ್ದರೂ ಬೇಡ. ಅವರು ತಡವಾಗಿ ಶುರು ಮಾಡಿದರೆ ಲೆಕ್ಕ ಅವರ ಕೊನೆಯ ಮಾತ್ರೆಯಿಂದ. ಉರಿ ಮೂರನೇ ದಿನಕ್ಕೇ ನಿಂತರೂ ಮಾತ್ರೆ ನಿಲ್ಲಿಸಬೇಡಿ.

ಮಾರನೇ ದಿನವೇ ಸ್ವಾಬ್ ಬೇಡ. ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ಜೀನ್‌ನ ಚೂರುಗಳು ಕೆಲವು ವಾರ ಅಲ್ಲೇ ಇರುತ್ತವೆ. ನಮ್ಮ ಮೆಷಿನ್‌ಗೆ ಸತ್ತದ್ದು, ಬದುಕಿದ್ದು ಬೇರೆ ಬೇರೆ ಅಂತ ಗೊತ್ತಾಗುವುದಿಲ್ಲ. ನಾಲ್ಕು ವಾರದೊಳಗೆ ಮಾಡಿದರೆ ಸುಮ್ನೆ ಪಾಸಿಟಿವ್ ಬಂದು ನೀವು ಮತ್ತೆ ಊಟ ಬಿಡುತ್ತೀರಿ. ಬಸಿರು ಇಲ್ಲದಿರುವುದರಿಂದ ನಿಮಗೆ ಆ ಟೆಸ್ಟ್ ಬೇಕೇ ಆಗಿಲ್ಲ. ಬೇಕಿರುವುದು ಚಿಕಿತ್ಸೆ ಆಗಿ ಮೂರು ತಿಂಗಳ ಮೇಲಿನದ್ದು. ಈ ಸೋಂಕು ಮತ್ತೆ ಅಂಟಿಕೊಳ್ಳುವುದು ತೀರಾ ಸಾಮಾನ್ಯ, ಅದಕ್ಕೆ. ಎಚ್‌ಐವಿ ರಕ್ತ ಸೆಕ್ಸ್ ಆಗಿ 45 ದಿನ ಕಳೆದ ಮೇಲೆ ಕೊಡಿ. ಸಿಫಿಲಿಸ್‌ನ ಎರಡನೇ ಟೆಸ್ಟನ್ನು ಮೂರು ತಿಂಗಳ ಸ್ವಾಬ್ ಜೊತೆಗೇ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ, ಒಂದು ಓಡಾಟ ಉಳಿಯುತ್ತದೆ. ಎರಡೂ ತಾರೀಖನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ. ಗೆಳೆಯನ ಫೋನಿನಲ್ಲೂ ಹಾಕಿಸಿ.